ಗ್ಯಾಸ್ ಗುಳಿಗೆ ಜೊತೆಗೆ ಕೊಟ್ಟರೆ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಬಹುದೇ?

ನೀವು ಬರೆದಿದ್ದು ಇಷ್ಟು. ಅವ್ವನಿಗೆ 65 ವರ್ಷ, ಊರು ಶಹಾಪುರದ ಹತ್ತಿರ. ಎರಡೂ ಮೊಣಕಾಲು ಸವೆದಿವೆ ಎಂದು ಎಲುಬಿನ ಡಾಕ್ಟರು ಅಸೆಕ್ಲೊಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ 325 ಕೂಡಿದ ಗುಳಿಗೆಯನ್ನು ದಿನಕ್ಕೆ ಎರಡರಂತೆ 5 ದಿನಕ್ಕೆ ಬರೆದರು, ಜೊತೆಗೆ ಗ್ಯಾಸ್ ಗುಳಿಗೆ ಪ್ಯಾಂಟೊಪ್ರಜೋಲ್ 40. ಆರಾಮ ಅನ್ನಿಸಿತು. ಅದೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತರುತ್ತಾ ಮೂರು ತಿಂಗಳಾಯಿತು. ಬಿಪಿಗೆ ಟೆಲ್ಮಿಸಾರ್ಟಾನ್ 40, ಹೈಡ್ರೊಕ್ಲೋರೊಥಯಜೈಡ್ 12.5 ಕೂಡಿದ ಗುಳಿಗೆ ಇದೆ, ಶುಗರ್‌ಗೆ ಮೆಟ್‌ಫಾರ್ಮಿನ್. ಈಚೆಗೆ ಸಂಜೆಯಾದರೆ ಕಾಲು ಬಾಯುತ್ತವೆ. ಗ್ಯಾಸ್ ಗುಳಿಗೆ ತಪ್ಪಿಸಿಲ್ಲ, ಸಾಕಲ್ಲವೇ ಎಂದು ಕೇಳಿದ್ದೀರಿ.

ಸಾಲುವುದಿಲ್ಲ. ಕಾಲು ಬಾಯುತ್ತಿರುವುದರಿಂದ ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅಸೆಕ್ಲೊಫೆನಾಕ್ ನಿಲ್ಲಿಸಿ. ಈ ಜಾತಿಯ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ನೋವು ಮರಳಬಹುದು, ಬೇರೆ ಅಪಾಯವಿಲ್ಲ. ಬಿಪಿ, ಶುಗರ್ ಗುಳಿಗೆಗಳನ್ನು ಮಾತ್ರ ನೀವಾಗಿಯೇ ಬಿಡಿಸಬೇಡಿ. ನಾನು ಕಲಬುರಗಿಯಲ್ಲಿ ಫಾರ್ಮಸಿಸ್ಟ್. ಗುಳಿಗೆಯ ಬಗ್ಗೆ ಹೇಳಬಲ್ಲೆ, ಅವ್ವನ ಕಾಲು ಮುಟ್ಟಿ ನೋಡಿ ಹೇಳುವುದು ಡಾಕ್ಟರ ಕೆಲಸ.

ಕಾರಣ ಹೇಳುತ್ತೇನೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್, ಎಟೊರಿಕಾಕ್ಸಿಬ್ ಎಲ್ಲವೂ ಒಂದೇ ಕುಟುಂಬ. ಇವು ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತವೆ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಮೊಣಕಾಲಿನಲ್ಲಿ ಬಾವು, ನೋವು ಹುಟ್ಟಿಸುವುದು ಇದೇ ರಾಸಾಯನಿಕ. ಹೊಟ್ಟೆಯ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ ಇದೇ, ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳವನ್ನು ಅಗಲವಾಗಿ ಇಡುವುದೂ ಇದೇ. ನುಂಗಿದ ಗುಳಿಗೆ ಮೊಣಕಾಲಿಗಷ್ಟೇ ಹೋಗುವುದಿಲ್ಲ, ಮೂರೂ ಕಡೆ ಒಟ್ಟಿಗೆ ನಿಲ್ಲಿಸುತ್ತದೆ.

ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲವನ್ನಷ್ಟೇ ಕಡಿಮೆ ಮಾಡುತ್ತದೆ. ಹೊಟ್ಟೆಗೂ ಅದರ ಮುಂದಿನ ಗೇಣುದ್ದ ಕರುಳಿಗೂ ಅದರಿಂದ ನಿಜವಾದ ರಕ್ಷಣೆ ಇದೆ. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕು. ಊಟವಾದ ಮೇಲೆ ಎರಡನ್ನೂ ಸೇರಿಸಿ ನುಂಗಿಸಿದರೆ ಪ್ರಯೋಜನ ಕಡಿಮೆಯಾಗಬಹುದು. ಸಣ್ಣ ಕರುಳಿನ ಮುಂದಿನ ಭಾಗದಲ್ಲಿ ಆಗುವ ಹುಣ್ಣಿಗೆ ಅದು ತಡೆಯಲ್ಲ. ಕಿಡ್ನಿಗೆ, ಹೃದಯಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಈನೋ, ಜೆಲುಸಿಲ್ ಉರಿ ಶಮನ ಮಾಡುತ್ತವೆ, ಹುಣ್ಣು ತಡೆಯುವುದಿಲ್ಲ. ಉರಿ ಇಲ್ಲ ಅಂದ ಮಾತ್ರಕ್ಕೆ ಹುಣ್ಣಿಲ್ಲ ಅಂತಲೂ ಅಲ್ಲ: ವಯಸ್ಸಾದವರಲ್ಲಿ ಮೊದಲ ಸುಳಿವೇ ರಕ್ತಸ್ರಾವವಾಗಿರುವುದುಂಟು.

ಈಗ ಕಿಡ್ನಿ. ನಿಮ್ಮ ಅವ್ವನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇದರದೇ. ಕಿಡ್ನಿಯ ಒಂದೊಂದು ಜಾಲರಿಗೂ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಈ ಎರಡರ ನಡುವಿನ ಒತ್ತಡದಿಂದಲೇ ರಕ್ತ ಸೋಸುತ್ತದೆ. ಅಸೆಕ್ಲೊಫೆನಾಕ್ ಒಳಬರುವ ನಾಳವನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಹೈಡ್ರೊಕ್ಲೋರೊಥಯಜೈಡ್ ಮೂತ್ರದ ಮೂಲಕ ನೀರು ಮತ್ತು ಉಪ್ಪನ್ನು ಹೊರಹಾಕಿ ಒಟ್ಟು ರಕ್ತದ ಪ್ರಮಾಣವನ್ನೇ ಕಡಿಮೆ ಮಾಡುತ್ತದೆ. ಒಂದೊಂದೇ ಇದ್ದರೆ ಆರೋಗ್ಯವಂತ ಕಿಡ್ನಿ ಸಂಭಾಳಿಸಿಕೊಳ್ಳುತ್ತದೆ. ಮೂರೂ ಕೂಡಿದರೆ ಸೋಸುವ ಒತ್ತಡ ಬೀಳುತ್ತದೆ. ನೋವಿರುವುದಿಲ್ಲ, ಉರಿ ಇರುವುದಿಲ್ಲ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ಮಾತ್ರ ರಕ್ತದಲ್ಲಿ ಮೆಲ್ಲಗೆ ಏರುತ್ತಿರುತ್ತದೆ. ಮೆಟ್‌ಫಾರ್ಮಿನ್ ಹೊರಹೋಗಬೇಕಾದ್ದೂ ಕಿಡ್ನಿಯಿಂದಲೇ, ಕಿಡ್ನಿ ಕೆಟ್ಟರೆ ಅದೂ ಮೈಯಲ್ಲಿ ಉಳಿಯುತ್ತದೆ.

ಇದಕ್ಕೆ ನಮ್ಮ ಕಡೆಯ ಬೇಸಿಗೆ ಸೇರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರು ಸುರಿಸಿದವರು, ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವವರು ಕಾಲುನೋವಿಗೆಂದು ಕಿಸೆಯಲ್ಲಿ ಇವೇ ಗುಳಿಗೆ ಇಟ್ಟುಕೊಂಡಿರುತ್ತಾರೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಕಿಡ್ನಿ ಆ ಪ್ರೊಸ್ಟಗ್ಲಾಂಡಿನ್ ಮೇಲೇ ನಿಂತಿರುತ್ತದೆ, ಆ ಹೊತ್ತಿಗೇ ಅದನ್ನು ಕಿತ್ತುಕೊಂಡಂತೆ ಆಗುತ್ತದೆ. ವಾಂತಿಭೇದಿ ಇದ್ದ ದಿನ, ಜ್ವರದಲ್ಲಿ ಊಟ ನೀರು ಬಿಟ್ಟ ದಿನ, ನೀರೂ ಮುಟ್ಟದ ಉಪವಾಸದ ದಿನ ಈ ಗುಳಿಗೆ ಬೇಡವೇ ಬೇಡ. ವಾಂತಿಭೇದಿ ಜೋರಾದರೆ ಬಿಪಿ ಗುಳಿಗೆಯನ್ನೂ ಮೆಟ್‌ಫಾರ್ಮಿನ್ನನ್ನೂ ಆ ದಿನ ಕೊಡಬೇಕೋ ಬೇಡವೋ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಕಾಲು ಬಾಯುವುದಕ್ಕೂ ಇದಕ್ಕೂ ನಂಟಿರಬಹುದು. ಈ ಗುಳಿಗೆಗಳು ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಕೆಲಸವನ್ನೂ ಕುಗ್ಗಿಸುತ್ತವೆ. ಈಚೆಗೆ ಬಿಪಿ ಏರಿದ್ದರೆ ಬಿಪಿ ಗುಳಿಗೆಯ ಡೋಸ್ ಹೆಚ್ಚಿಸುವ ಮುನ್ನ ನೋವಿನ ಗುಳಿಗೆಯ ಸಂಗತಿ ಡಾಕ್ಟರಿಗೆ ಗೊತ್ತಿರಬೇಕು. ಅದನ್ನು ನಿಲ್ಲಿಸಿದ ಮೇಲೆ ಬಿಪಿ ಇಳಿಯುವುದೂ ಉಂಟು. ಹಾಗಾಗಿ ಒಂದೆರಡು ವಾರ ಬಿಪಿ ನೋಡಿಸುತ್ತಿರಿ, ಎದ್ದು ನಿಂತಾಗ ತಲೆ ತಿರುಗುತ್ತದೆಯೇ ಎಂದು ಕೇಳಿ.

ಪರೀಕ್ಷೆ ಅಂದರೆ ಇಷ್ಟು: ಸೀರಂ ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು), ಸೋಡಿಯಂ, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಮೂತ್ರದಲ್ಲಿ ಅಲ್ಬುಮಿನ್. ಯಾದಗಿರಿ ಜಿಲ್ಲಾ ಆಸ್ಪತ್ರೆಗೋ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗೋ ಹೋಗಬಹುದು. ರಿಪೋರ್ಟ್ ಕೈಗೆ ಬಂದಾಗ ಕ್ರಿಯಾಟಿನಿನ್ ಪಕ್ಕದಲ್ಲಿ 'ನಾರ್ಮಲ್' ಎಂದಿದ್ದರೆ ಅಲ್ಲಿಗೇ ಮಡಚಿಡಬೇಡಿ. 65 ವರ್ಷದ ಹೆಣ್ಣುಮಗಳಿಗೆ ಕ್ರಿಯಾಟಿನಿನ್ 1.2 ಬಂದರೆ ಅನೇಕ ಲ್ಯಾಬ್‌ಗಳ ಪಟ್ಟಿಯಲ್ಲಿ ಅದು ಮಿತಿಯೊಳಗೇ ಇರುತ್ತದೆ, ಆದರೆ ಇಜಿಎಫ್‌ಆರ್ ಲೆಕ್ಕ ಹಾಕಿದರೆ ಸುಮಾರು 50. ಅರುವತ್ತಕ್ಕಿಂತ ಕಡಿಮೆ ಇದ್ದರೆ ಈ ಜಾತಿಯ ಗುಳಿಗೆಯಿಂದ ದೂರ ಇರುವುದೇ ಒಳ್ಳೆಯದು, 30ಕ್ಕಿಂತ ಕೆಳಗಿದ್ದರೆ ಮುಟ್ಟಲೇಬಾರದು. ಬೇಗ ನಿಲ್ಲಿಸಿದವರಲ್ಲಿ ಏರಿದ ಕ್ರಿಯಾಟಿನಿನ್ ಬಹಳ ಸಲ ಇಳಿಯುತ್ತದೆ, ಅದಕ್ಕೇ ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ನೋಡಿಸುತ್ತಾರೆ.

ಹೃದಯದ ವಿಷಯ ಚಿಕ್ಕದಾಗಿ. ರೋಫೆಕಾಕ್ಸಿಬ್ ಎಂಬ ಇದೇ ಕುಟುಂಬದ ಗುಳಿಗೆಯನ್ನು ಹೃದಯಾಘಾತ, ಲಕ್ವದ ಅಪಾಯದಿಂದಾಗಿ 2004ರಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ಹಿಂತೆಗೆಯಿತು. ಡೈಕ್ಲೊಫೆನಾಕ್‌ನ ಅಪಾಯವೂ ಆ ಬಗೆಯದೇ ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲಿ ಎಚ್ಚರಿಸಿದರು. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಹೃದಯ ದುರ್ಬಲವಾದವರು ಹೃದಯದ ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ತಗೊಳ್ಳಬಾರದು. ಇಕೊಸ್ಪ್ರಿನ್ 75 (ಕಡಿಮೆ ಡೋಸಿನ ಆಸ್ಪಿರಿನ್) ನುಂಗುವವರಿಗೆ ಐಬುಪ್ರೊಫೆನ್ ಇನ್ನೊಂದು ತೊಂದರೆ ಮಾಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡುವ ಇಕೊಸ್ಪ್ರಿನ್ ಕೆಲಸಕ್ಕೇ ಅದು ಅಡ್ಡ ಬರುತ್ತದೆ.

'ಎಟೊರಿಕಾಕ್ಸಿಬ್ ಸೇಫ್ ಅಂತೆ' ಎಂದು ಯಾರಾದರೂ ಬದಲಿ ಹೇಳಿಯಾರು. ಹೊಟ್ಟೆಗೆ ಸ್ವಲ್ಪ ಹಗುರ, ನಿಜ. ಕಿಡ್ನಿಗೆ ಅಷ್ಟೇ ಭಾರ, ಬಿಪಿ 140/90ಕ್ಕಿಂತ ಮೇಲಿದ್ದು ಹತೋಟಿಯಲ್ಲಿ ಇಲ್ಲದವರಿಗಂತೂ ಕೊಡುವಂತೆಯೇ ಇಲ್ಲ. ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ತಾಕುವುದಿಲ್ಲ ಎಂಬುದೂ ಸುಳ್ಳು. ಡೈಕ್ಲೊಫೆನಾಕ್ 75ರ ಸೂಜಿ ಚುಚ್ಚಿದರೂ ಔಷಧ ರಕ್ತದ ಮೂಲಕವೇ ಹೊಟ್ಟೆಯ ಪೊರೆಗೆ, ಕಿಡ್ನಿಗೆ ತಲುಪುತ್ತದೆ.

ಮನೆಯಲ್ಲಿ ಆಗುವ ದೊಡ್ಡ ಗೊಂದಲ ಹೆಸರಿನದು. ಜೀರೊಡಾಲ್ ಪಿ ಅಂದರೆ ಅಸೆಕ್ಲೊಫೆನಾಕ್, ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ವೊವೆರಾನ್ ಅಂದರೆ ಡೈಕ್ಲೊಫೆನಾಕ್. ಬೆಳಿಗ್ಗೆ ಕಾಲಿಗೆ ಒಂದು, ಮಧ್ಯಾಹ್ನ ತಲೆನೋವಿಗೆ ಇನ್ನೊಂದು, ರಾತ್ರಿ ಮೈಕೈ ನೋವಿಗೆ ಮತ್ತೊಂದು ಎಂದು ನುಂಗಿದರೆ ಒಂದೇ ಕುಟುಂಬದ ಔಷಧದ ಮೂರು ಡೋಸ್ ಆದಂತೆ. ಅಸೆಕ್ಲೊಫೆನಾಕ್‌ನ ದಿನದ ಮಿತಿ 200 ಮಿಲಿಗ್ರಾಂ, ಡೈಕ್ಲೊಫೆನಾಕ್‌ನದು 150, ಆದರೆ ಎರಡನ್ನು ಬೆರೆಸಿದಾಗ ಪ್ರತ್ಯೇಕ ಮಿತಿಗಳಿಗೆ ಅರ್ಥ ಇರುವುದಿಲ್ಲ. ಈ ಕುಟುಂಬದಿಂದ ಒಂದು ಸಲಕ್ಕೆ ಒಂದೇ ಔಷಧ. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಹೆಸರು, ಮಿಲಿಗ್ರಾಂ ಇರುತ್ತದೆ, ಅದನ್ನು ಓದಿ. ಸ್ಟ್ರಿಪ್ ಕತ್ತರಿಸಿ ನಾಲ್ಕು ಗುಳಿಗೆ ಕೊಟ್ಟಾಗ ಆ ಅಕ್ಷರಗಳು ಅರ್ಧಕ್ಕೆ ತುಂಡಾಗಿರುತ್ತವೆ, ಹಾಗಿದ್ದರೆ ಹಾಳೆಯಲ್ಲಿ ಬರೆಸಿಕೊಳ್ಳಿ. ಅಂದಹಾಗೆ, ಹಳೆಯ 5 ದಿನದ ಚೀಟಿಗೆ ಮೂರು ತಿಂಗಳು ಗುಳಿಗೆ ಕೊಡುತ್ತಾ ಹೋದದ್ದು ಅಂಗಡಿಯವರ ತಪ್ಪೇ. ಇದು ಡಾಕ್ಟರ ಚೀಟಿಯ ಮೇಲಷ್ಟೇ ಮಾರುವ ಶೆಡ್ಯೂಲ್ ಎಚ್ ಔಷಧ.

ಹಳ್ಳಿಗಳಲ್ಲಿ ಕಾಗದದ ಪುಡಿಕೆಯಲ್ಲಿ ಬಿಡಿ ಗುಳಿಗೆ ಕೊಡುತ್ತಾರಲ್ಲ, ಬಿಳಿಯದೊಂದು, ಹಳದಿಯದೊಂದು, ಪುಟ್ಟದೊಂದು, ಆ ಪುಟ್ಟದು ಬಹಳ ಸಲ ಡೆಕ್ಸಾಮೆಥಸೋನ್ ಥರದ ಸ್ಟೀರಾಯ್ಡ್ ಆಗಿರುತ್ತದೆ. ಕೀಲುನೋವಿಗೆ ಹೆಸರಿಲ್ಲದ ನಾಟಿ ಪುಡಿ ಎರಡೇ ದಿನದಲ್ಲಿ ಗುಣ ತೋರಿಸಿದರೂ ಅದೇ ಅನುಮಾನ ಪಡಬೇಕು. ಸ್ಟೀರಾಯ್ಡ್ ಜೊತೆ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬಹಳ ಹೆಚ್ಚುತ್ತದೆ, ಶುಗರ್ ಹಾರುತ್ತದೆ. ಅವ್ವ ಅಂಥದ್ದನ್ನು ವಾರಗಟ್ಟಲೆ ತಗೊಂಡಿದ್ದರೆ ಡಾಕ್ಟರಿಗೆ ಹೇಳಿ, ಏಕೆಂದರೆ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ.

ಹಾಗಾದರೆ ನೋವಿಗೆ ಏನು? ಬರಿಯ ಪ್ಯಾರಾಸಿಟಮಾಲ್ 650, ದಿನಕ್ಕೆ ಹೆಚ್ಚೆಂದರೆ ಮೂರು, ಒಂದಕ್ಕೊಂದು ಕನಿಷ್ಠ 6 ಗಂಟೆ ಅಂತರ. ಮಂಡಿ ಸವೆತಕ್ಕೆ ಅದು ಅಷ್ಟು ಜೋರಾದ ಔಷಧವಲ್ಲ, ಆದರೂ ಈ ವಾರ ದಾಟಿಸುತ್ತದೆ. ಲಿವರ್ ತೊಂದರೆ ಇದ್ದರೆ, ದಿನಾ ಸೇಂದಿ ಸೆರೆ ಕುಡಿಯುವವರಾದರೆ ಕೇಳಿ ಕೊಡಿ. ಅದಕ್ಕಿಂತ ಮೇಲು ಡೈಕ್ಲೊಫೆನಾಕ್ ಜೆಲ್. ಹಚ್ಚಿದ್ದರಲ್ಲಿ ಬಹಳ ಕಡಿಮೆ ಭಾಗ ರಕ್ತಕ್ಕೆ ಹೋಗುತ್ತದೆ. ಕಿಡ್ನಿ ರಿಪೋರ್ಟ್ ಕೆಟ್ಟಿದ್ದರೆ ಮಾತ್ರ ಇದನ್ನೂ ಕೇಳಿ ಹಚ್ಚಿ.

ಜೆಲ್ ಉಪಯೋಗವಿಲ್ಲ ಎನ್ನುವವರು ಸಾಮಾನ್ಯವಾಗಿ ಅವರೆಕಾಳಿನಷ್ಟು ತೆಗೆದು ಮಂಡಿಚಿಪ್ಪಿನ ಮೇಲೆ ಒಮ್ಮೆ ಸವರಿರುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ಮಂಡಿಯ ಮುಂದೆ, ಎರಡೂ ಪಕ್ಕ, ಹಿಂದೆ, ದಿನಕ್ಕೆ ಮೂರು ನಾಲ್ಕು ಸಲ. ಹಾಗೆ ಹಚ್ಚಿದರೆ 30 ಗ್ರಾಂ ಟ್ಯೂಬ್ ಎರಡು ಮಂಡಿಗೆ ಮೂರು ದಿನವೂ ಬರುವುದಿಲ್ಲ. ನಿಮ್ಮ ಮನೆಯ ಟ್ಯೂಬ್ ತಿಂಗಳು ಬಂದಿದ್ದರೆ ಔಷಧ ಮಂಡಿಗೆ ತಲುಪೇ ಇಲ್ಲ. ಖರ್ಚಿನ ಮಾತು ಬಂದೇ ಬರುತ್ತದೆ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ನೋವು ಹೆಚ್ಚಿರುವ ಒಂದೇ ಮಂಡಿಗೆ ಸರಿಯಾಗಿ ಹಚ್ಚುವುದು ಎರಡಕ್ಕೂ ಕಾಟಾಚಾರಕ್ಕೆ ಸವರುವುದಕ್ಕಿಂತ ಮೇಲು. ವಾರವಾದರೂ ನೋಡಿ ಆಮೇಲೆ ತೀರ್ಮಾನಿಸಿ. ಹಚ್ಚಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಗಾಯದ ಮೇಲೆ ಬೇಡ, ಕೈ ತೊಳೆಯದೆ ರೊಟ್ಟಿ ಬಡಿಯುವುದೂ ಬೇಡ. ನೆಲದ ಮೇಲೆ ಕೂತು ಅಡುಗೆ ಮಾಡುವುದು, ಕುಕ್ಕರಗಾಲಲ್ಲಿ ಕೂರುವುದು ತಪ್ಪಿಸಿ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಒಮ್ಮೆ ಕಲಿತುಬಿಟ್ಟರೆ ಮನೆಯಲ್ಲೇ ಮಾಡಬಹುದು.

ರಿಪೋರ್ಟ್ ಚೆನ್ನಾಗಿದ್ದು ಡಾಕ್ಟರೇ ಮತ್ತೆ ಬರೆದರೆ ಹೆದರಿಕೆ ಬೇಡ. ನೋವು ಕೆರಳಿದ ದಿನಗಳಿಗೆ ಮಾತ್ರ, ಊಟವಾದ ಮೇಲೆ, ತುಂಬು ಲೋಟ ನೀರಿನೊಂದಿಗೆ, ಎಷ್ಟು ದಿನ ಎಂದು ಮೊದಲೇ ಕೇಳಿಕೊಂಡು ಕೊಡಿ. ಡೈಕ್ಲೊಫೆನಾಕ್ 50 ಬರೆದರೆ ಅದನ್ನು ಮುರಿದು ಪುಡಿ ಮಾಡಿ ಕೊಡಬೇಡಿ, ಹೊಟ್ಟೆಯಲ್ಲಿ ಕರಗದಂತೆ ಅದಕ್ಕೆ ಲೇಪ ಇರುತ್ತದೆ.

ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಬರಿಯ ಪ್ಯಾರಾಸಿಟಮಾಲ್. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬಿದ್ದಿರುವಾಗ ಈ ಗುಳಿಗೆಗಳು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಮನೆಯಲ್ಲಿ ಬಸುರಿ ಇದ್ದರೆ ಐದು ತಿಂಗಳು ದಾಟಿದ ಮೇಲೆ ಡಾಕ್ಟರು ಹೇಳದೆ ಇವನ್ನು ಕೊಡಬೇಡಿ, ಗರ್ಭದ ನೀರು ಕಡಿಮೆಯಾಗುತ್ತದೆ. ಉಬ್ಬಸ ಇರುವವರಲ್ಲಿ ಕೆಲವರಿಗೆ ಒಂದೇ ಗುಳಿಗೆಗೆ ಉಸಿರು ಕಟ್ಟುತ್ತದೆ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

ಕಾಯದೆ 108ಕ್ಕೆ ಫೋನ್ ಮಾಡಬೇಕಾದ್ದು ಯಾವಾಗ ಎಂದರೆ: ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ (ಕಬ್ಬಿಣದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಅಂಟು ಮತ್ತು ಆ ವಾಸನೆ ಇರುವುದಿಲ್ಲ), ಕಾಫಿ ಪುಡಿ ಕದಡಿದಂಥ ವಾಂತಿಯಾದರೆ, ಎದೆ ಹಿಡಿದರೆ, ಮಾತು ತೊದಲಿದರೆ, ಮುಖ ಬಾತು ಉಸಿರಾಟ ಕಷ್ಟವಾದರೆ, ದಿನವಿಡೀ ಮೂತ್ರ ತೀರಾ ಕಡಿಮೆಯಾದರೆ.

ಡಾಕ್ಟರ ಹತ್ತಿರ ಹೋಗುವಾಗ ಬಾಯಿಲೆ ಹೇಳುವುದನ್ನು ನಂಬಬೇಡಿ. ಬಿಪಿ, ಶುಗರ್, ಗ್ಯಾಸ್, ನೋವು, ಪುಡಿಕೆ, ನಾಟಿ ಪುಡಿ, ಖಾಲಿ ಸ್ಟ್ರಿಪ್ ಸಮೇತ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ರಿಪೋರ್ಟ್ ಬಂದ ಮೇಲೆ ಇಜಿಎಫ್‌ಆರ್, ಪೊಟ್ಯಾಸಿಯಂ ಎಷ್ಟಿದೆ ಎಂದು ಇಲ್ಲೇ ಕೆಳಗೆ ಬರೆದರೆ ಮುಂದಿನದನ್ನು ನೋಡೋಣ.