ಜರ್ಮನಿಯಿಂದ ನೆರೆ ಪರಿಹಾರದ ದುಡ್ಡು ಸಂಘದ ಅಕೌಂಟಿಗೆ ಬರ್ಬಹುದಾ?

ಬೇಡ ಮಾರಾಯ್ರೆ, ಸದ್ಯಕ್ಕೆ ಅಕೌಂಟ್ ನಂಬರ್ ಕಳಿಸ್ಬೇಡಿ. ನೀವು ಕೇಳಿದ್ದು ಕದ್ರಾ ಕಡೆ ನೆರೆಗೆ ಸಿಕ್ಕಿದೋರಿಗೆ ಅಂತ ಜರ್ಮನಿಯೋರು ನಿಮ್ ಯುವಕ ಸಂಘಕ್ಕೆ ದುಡ್ಡು ಹಾಕ್ಬಹುದಾ ಅಂತ ಅಲ್ವಾ, ಅದಕ್ಕೆ ಎಫ್‌ಸಿಆರ್‌ಎ ಅಂತ 2010ರ ಕಾನೂನಿದೆ, ಕೇಂದ್ರ ಗೃಹ ಸಚಿವಾಲಯದ ರಿಜಿಸ್ಟ್ರೇಶನ್ನೋ ಮುಂಚಿತ ಅನುಮತಿನೋ ಇಲ್ದೆ ಸಂಘ ವಿದೇಶಿಯರ ಹತ್ರ ದೇಣಿಗೆ ತಗೊಳ್ಳೋ ಹಾಗಿಲ್ಲ, ಒಳ್ಳೇ ಕೆಲ್ಸಕ್ಕೇ ಅಂದ್ರೂ ಕೇಳಲ್ಲ. ರಿಜಿಸ್ಟ್ರೇಶನ್ ಇರೋರಿಗೂ ದುಡ್ಡು ಮೊದ್ಲು ಇಳಿಯೋದು ದೆಹಲಿ ಎಸ್‌ಬಿಐ ಮೇನ್ ಬ್ರಾಂಚಲ್ಲೇ, ನಮ್ ಕಾರವಾರ ಬ್ರಾಂಚಲ್ಲಿ ಅಲ್ಲ. ಬೇರೆ ಎನ್‌ಜಿಒ ತಗೊಂಡು ನಿಮಗೆ ದಾಟಿಸ್ತೀವಿ ಅಂದ್ರೂ ಒಪ್ಬೇಡಿ, 2020ರ ತಿದ್ದುಪಡಿ ಆದ್ಮೇಲೆ ಆ ದಾರಿನೂ ಬಂದ್. ಆ ಎನ್‌ಜಿಒದೋರೇ ಬಂದು ಅಕ್ಕಿ, ಹೊದಿಕೆ ಹಂಚ್ಲಿ, ನೀವು ಮನೆಮನೆ ತೋರ್ಸಿ.

ಮಸ್ಕತ್ತಲ್ಲಿರೋ ನಿಮ್ ಭಾವ ಸಂಘಕ್ಕೆ ದುಡ್ಡು ಕಳ್ಸೋ ವಿಷ್ಯ ಬೇರೆ. ಇಂಡಿಯನ್ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದ್ದನ್ನ ಬ್ಯಾಂಕ್ ಮೂಲಕವೇ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಆಗಲ್ಲ, ಪಾಸ್‌ಪೋರ್ಟ್ ಜೆರಾಕ್ಸ್ ಇಟ್ಕೊಳ್ಳಿ ಅಷ್ಟೇ.

ಹಾಂ, ರಶೀದಿ ಬುಕ್ ಅಟ್ಟದ ಮೇಲಿಡಿ. 2019ರ ನೆರೇಲಿ ನಮ್ದು ನೆನ್ದು ಅಂಟ್ಕೊಂಡು, ಆಡಿಟರ್ ಕೇಳಿದಾಗ ಹಾಳೆ ಹಾಳೆ ಬಿಡ್ಸಿ ಒಲೆ ಪಕ್ಕ ಒಣಗ್ಸಿದ್ವಿ.