ಮಳೆಗಾಲ ಬಂದರೆ ಚದುರುವ ಗುಂಡು

ಪ್ರಶ್ನೆ: ಸರ್, ನನ್ನದು ಕಟ್ಟಿಗೆ ಸ್ಟಾಕಿನ ಹಳೇ .22 ರೈಫಲ್. 50 ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೆ. ಮಳೆ ಶುರುವಾದರೆ ಎಡಕ್ಕೆ ಸರಿದು ಚದುರುತ್ತವೆ. ಹೊಸ ಬ್ಯಾರಲ್ ಹಾಕಿಸಲೇ?
- ಓದುಗರು, ಗಂಗಾವತಿ

ಉತ್ತರ: ಬ್ಯಾರಲ್‌ಗೆ ಈಗಲೇ ದುಡ್ಡು ಸುರಿಯಬೇಡಿ. ನನಗೆ ಅನುಮಾನ ಇರುವುದು ಸ್ಟಾಕಿನ, ಅಂದರೆ ಬ್ಯಾರಲ್ ಕೂರುವ ಹಿಡಿಯ, ಕಟ್ಟಿಗೆಯ ಮೇಲೆ. ಮಳೆಗಾಲದಲ್ಲಿ ಮನೆ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದಲ್ವಾ, ಸ್ಟಾಕ್ ಕೂಡ ಹಾಗೇ ತೇವ ಹೀರಿ ಉಬ್ಬುತ್ತದೆ. ಬಳ್ಳಾರಿಯ ಒಣ ಬಿಸಿಲಿಗೆ ಕುಗ್ಗುತ್ತದೆ. ನಿಮ್ಮಲ್ಲಂತೂ ಸುತ್ತಲೂ ಕಾಲುವೆ, ಭತ್ತದ ಗದ್ದೆ, ತೇವ ಜಾಸ್ತಿ. ಗುಂಡು ಹಾರುವಾಗ ಬ್ಯಾರಲ್ ನಡುಗುತ್ತದೆ. ಆ ನಡುಕ ಪ್ರತಿ ಸಲ ಒಂದೇ ಥರ ಇರಬೇಕು. ಉಬ್ಬಿದ ಕಟ್ಟಿಗೆ ಪಕ್ಕದಿಂದ ಒತ್ತಿದರೆ ಅದು ಕೆಡುತ್ತದೆ. ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್, ಕೂದಲೆಳೆ ವ್ಯತ್ಯಾಸವೂ ಅಲ್ಲಿ ಕಾಣುತ್ತದೆ.

ಮೊದಲು ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಲೋಹದ ತುಂಡು) ತೆಗೆದು, ಒಳಗೆ ಗುಂಡಿಲ್ಲ ಎಂದು ಕಣ್ಣಾರೆ ನೋಡಿಕೊಳ್ಳಿ. ಬ್ಯಾರಲ್ ಮತ್ತು ಕಟ್ಟಿಗೆಯ ನಡುವೆ ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಾಗುತ್ತಿದೆ. ಆದರೆ ಕೆಲವು ರೈಫಲ್‌ಗಳಲ್ಲಿ ತಯಾರಿಸಿದವರೇ ತುದಿಯಲ್ಲಿ ಸ್ವಲ್ಪ ಒತ್ತು ಬಿಟ್ಟಿರುತ್ತಾರೆ. ಅದನ್ನು ಸುಮ್ನೆ ಕೆರೆಯಬೇಡಿ.

ಇನ್ನೊಂದು ಪರೀಕ್ಷೆ ನಾನು ಹುಡುಗರಿಗೆ ಮೊದಲು ಕಲಿಸುವುದು. ರೈಫಲ್ ನೆಟ್ಟಗೆ ನಿಲ್ಲಿಸಿ. ಬ್ಯಾರಲ್ ಮತ್ತು ಸ್ಟಾಕಿನ ತುದಿ ಸೇರುವಲ್ಲಿ ಎಡಗೈ ಬೆರಳಿಟ್ಟು, ಬಲಗೈಯಲ್ಲಿ ಲೋಹದ ಭಾಗವನ್ನು ಸ್ಟಾಕಿಗೆ ಬಿಗಿಯುವ ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲಿಸಿ. ಕಣ್ಣಿಗೆ ಏನೂ ಕಾಣಿಸದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಬ್ಯಾರಲ್ ಸ್ಟಾಕಿನಿಂದ ಸರಕ್ಕನೆ ದೂರ ಸರಿದರೆ ಆಕ್ಷನ್ (ಬ್ಯಾರಲ್ ಹಿಂದೆ ಬೋಲ್ಟ್ ಕೂರುವ ಲೋಹದ ಭಾಗ) ಸಮವಾಗಿ ಕೂತಿಲ್ಲ, ಸ್ಕ್ರೂ ಬಿಗಿದಾಗಲೆಲ್ಲ ಬಾಗುತ್ತಿದೆ ಎಂದರ್ಥ.

ಹಾಗಿದ್ದರೆ ಬೆಡ್ಡಿಂಗ್ ಮಾಡಿಸಬೇಕು. ಆಕ್ಷನ್ ಕೂರುವ ಜಾಗದಲ್ಲಿ ಕಟ್ಟಿಗೆ ತುಸು ಕೆತ್ತಿ, ಎಪಾಕ್ಸಿ ತುಂಬಿ, ಅದರಲ್ಲಿ ಆಕ್ಷನ್ನಿನ ಅಚ್ಚು ಮೂಡಿಸುವ ಕೆಲಸ ಅದು. ಲೋಹಕ್ಕೆ ಮೇಣ ಹಚ್ಚಿ, ಸ್ಕ್ರೂ ತೂತುಗಳಿಗೆ ಜೇಡಿ ತುಂಬದಿದ್ದರೆ ಎರಡೂ ಅಂಟಿಕೊಂಡು ಬಿಡುತ್ತವೆ. ಎಪಾಕ್ಸಿ ಗಟ್ಟಿಯಾಗುವ ತನಕ ಸ್ಕ್ರೂ ಜೋರಾಗಿ ಬಿಗಿಯಬಾರದು, ಬಿಗಿದರೆ ಆ ಬಾಗೇ ಅಚ್ಚಾಗುತ್ತದೆ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೈಯಲ್ಲೇ ಮಾಡಿಸಿ. ಬಡಗಿ ಎಷ್ಟೇ ಜಾಣನಾದರೂ ಅವನಿಗೆ ಕೊಡಬೇಡಿ.

ಕೊನೆಗೆ ಸ್ಟಾಕಿನ ಒಳಮೈಗೂ, ಹಿಂದಿನ ರಬ್ಬರ್ ಪಟ್ಟಿಯ ಕೆಳಗಿನ ಬರಿ ಕಟ್ಟಿಗೆಗೂ ವಾರ್ನಿಷ್ ಹೊಡೆಸಿ. ಹೊರಗೆ ಪಾಲಿಶ್ ಮಾಡಿ ಒಳಗೆ ಬಿಟ್ಟರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ಸ್ಕ್ರೂಗಳನ್ನು ಪ್ರತಿ ಸಲ ಒಂದೇ ಬಿಗಿಗೆ ತಿರುಗಿಸಿ, ಬಿಗಿ ಅಳೆದು ತಿರುಗಿಸುವ ಟಾರ್ಕ್ ಡ್ರೈವರ್ ಇದ್ದರೆ ಇನ್ನೂ ಒಳ್ಳೆಯದು.