"ನಂಗೂ ಬರಲ್ಲ": ಸಂಗೀತದ ಕ್ಲಾಸಿಗೆ ಹೆದರಿದ ಒಂದು ಮಗು

ಚಿಕ್ಕವಳಿದ್ದಾಗ ಇಡೀ ದಿನ ಏನಾದರೂ ಗುನುಗುತ್ತಿದ್ದಳು, ಆಸಕ್ತಿ ಇದೆ ಅಂತ ಕ್ಲಾಸಿಗೆ ಸೇರಿಸಿದೆವು, ಈಗ ಬಾಯೇ ಬಿಡಲ್ಲ. ಈ ಮಾತನ್ನು ಎಷ್ಟು ಹೆತ್ತವರ ಬಾಯಲ್ಲಿ ಕೇಳಿದ್ದೇನೋ. ವಾದ್ಯ ಬೇರೆ ಇರುತ್ತದೆ, ಮಗುವಿನ ವಯಸ್ಸು ಬೇರೆ ಇರುತ್ತದೆ, ದೂರು ಮಾತ್ರ ಅದೇ. ಹಾಗಾಗಿ ಒಂದು ಪ್ರಕರಣವನ್ನಾದರೂ ಬರೆದಿಡೋಣ ಅನ್ನಿಸಿತು. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ ಎಂಟು ವರ್ಷ. ಐದರಿಂದಲೇ ಕೀಬೋರ್ಡ್ ಕ್ಲಾಸು. ಕ್ಲಾಸಿನ ದಿನ ಬಂತೆಂದರೆ ಬೆಳಿಗ್ಗೆಯಿಂದಲೇ ಹೊಟ್ಟೆನೋವು. ಮಕ್ಕಳ ವೈದ್ಯರು ನೋಡಿ, ದೈಹಿಕವಾಗಿ ಏನೂ ಇಲ್ಲ ಎಂದ ಮೇಲೆ ನನ್ನ ಹತ್ತಿರ ಬಂದರು. ಅಪ್ಪ ಅಮ್ಮ ಹೊಡೆಯುವವರಲ್ಲ, ಬೈಯುವವರೂ ಅಲ್ಲ. ದಿನಾ ಅಭ್ಯಾಸಕ್ಕೆ ಕೂರಿಸುತ್ತಿದ್ದರು, ಗ್ರೇಡ್ ಪರೀಕ್ಷೆಗೆ ಕಟ್ಟಿಸಿದ್ದರು, ಅಷ್ಟೇ. ಅವರಿಗೆ ನನ್ನಿಂದ ಬೇಕಿದ್ದದ್ದು ಒಂದೇ ಉತ್ತರ: ಬಿಡಿಸಬೇಕಾ, ಮುಂದುವರಿಸಬೇಕಾ?

ಮೊದಲ ಭೇಟಿಗಳಲ್ಲಿ ಮಗು ಹೆಚ್ಚು ಮಾತಾಡಲಿಲ್ಲ. ಮುಂದೊಂದು ದಿನ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡೆ. "ನಿಮ್ಮನೇಲಿ ಯಾರ್ಯಾರು ಹಾಡ್ತೀರಿ?" ಎಂದು ಅವಳನ್ನು ಕೇಳಿದೆ. ಅವಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. "ಯಾರೂ ಇಲ್ಲ" ಎಂದಳು.

ಅಪ್ಪ ತಕ್ಷಣ, "ಹಾಗೇನಿಲ್ಲ, ಮನೇಲಿ ಯಾವಾಗಲೂ ಹಾಡು ಹಾಕಿರ್ತೀವಿ. ಒಳ್ಳೇ ಸ್ಪೀಕರ್ ತಂದಿದ್ದೀವಿ" ಎಂದರು.

"ಸ್ಪೀಕರ್ ಹಾಡುತ್ತೆ ಸರಿ. ನೀವು?"

ಅವರು ನಕ್ಕರು. "ಅಯ್ಯೋ, ನಂಗೆ ಹಾಡೋಕೆ ಬರಲ್ಲ ಬಿಡಿ."

ಆಗ ಮಗು ಹೇಳಿತು: "ನಂಗೂ ಬರಲ್ಲ. ಆದ್ರೂ ನಾನು ಮಾತ್ರ ಮಾಡ್ಬೇಕು. ನೀವಿಬ್ಬರೂ ಕೂತ್ಕೊಂಡು ತಪ್ಪು ಹೇಳ್ತೀರ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಇರುವುದನ್ನು ಇದ್ದ ಹಾಗೆ ಹೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ತಮ್ಮ ಶಾಲೆಯ ಒಂದು ವಿಷಯ ಹೇಳಿದರು. ಸಮೂಹಗಾನದಲ್ಲಿ ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಬರೀ ತುಟಿ ಆಡಿಸು, ದನಿ ಬೇಡ ಎಂದಿದ್ದರಂತೆ. ಆಮೇಲೆ ಅವರು ಯಾರೆದುರೂ ಹಾಡಿಲ್ಲ. ಮಗಳಿಗೆ ತೊಟ್ಟಿಲಲ್ಲೂ ಹಾಡಿಲ್ಲ. ಫೋನಿನಲ್ಲಿ ಲಾಲಿ ಹಾಕಿಡುತ್ತಿದ್ದರು.

ನನ್ನ ಸಲಹೆಯೆಲ್ಲ ಹುಟ್ಟಿದ್ದು ಈ ಎರಡು ಮಾತುಗಳಿಂದ. ಅವರಿಗೆ ನಾನು ಹೀಗೆ ಕೇಳಿದೆ. ಒಂದು ಮನೆಯಲ್ಲಿ ಯಾರೂ ಮಾತೇ ಆಡುವುದಿಲ್ಲ ಅಂದುಕೊಳ್ಳಿ. ರೇಡಿಯೋ ಮಾತ್ರ ಓಡುತ್ತಿರುತ್ತದೆ. ಮಗುವಿಗೆ ಐದು ತುಂಬಿದ ಮೇಲೆ ವಾರಕ್ಕೆರಡು ಸಲ ಮಾತಿನ ಕ್ಲಾಸಿಗೆ ಕಳಿಸುತ್ತೀರಿ. ಮೊದಲ ದಿನವೇ ಅಕ್ಷರಮಾಲೆ ತಿದ್ದಿಸುತ್ತಾರೆ. ಮನೆಗೆ ಬಂದರೆ ಅರ್ಧ ಗಂಟೆ ಮಾತಾಡಿಸಿ, ಪ್ರತಿ ತಪ್ಪಿಗೂ ನಿಲ್ಲಿಸುತ್ತೀರಿ. ವರ್ಷಕ್ಕೊಮ್ಮೆ ಪರೀಕ್ಷೆ. ಆ ಮಗು ಮಾತಾಡುತ್ತದಾ? ಆಡಿದರೂ, ಮಾತಾಡಬೇಕು ಅಂತ ಅದಕ್ಕೆ ಅನ್ನಿಸುತ್ತದಾ?

ಮಗು ಮಾತು ಕಲಿಯುವ ರೀತಿಯನ್ನು ನಾವು ದಿನಾ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ. ಒಂದು ವರ್ಷದ ಹತ್ತಿರ ಬರುವ ತನಕ ಅದು ಒಂದು ಪದವನ್ನೂ ಆಡದೆ ಸುಮ್ನೆ ಕೇಳುತ್ತದೆ. "ಮಾತಾಡ್ತಿಲ್ಲ, ಪ್ರತಿಭೆ ಇಲ್ಲ" ಅಂತ ಯಾರೂ ಹೇಳುವುದಿಲ್ಲ. ಆಮೇಲೆ ತೊದಲುತ್ತದೆ, ನಾವು ಖುಷಿಪಟ್ಟು ಉತ್ತರ ಕೊಡುತ್ತೇವೆ. ವ್ಯಾಕರಣ ತಪ್ಪಿದರೂ ಹೆಚ್ಚಾಗಿ ತಿದ್ದುವುದಿಲ್ಲ. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡಿತ್ತು. ಮಗು ಹೇಳಿದ ವಿಷಯ ನಿಜವಾ ಸುಳ್ಳಾ ಎಂಬುದರ ಮೇಲೆ ತಾಯಂದಿರು ಹೌದು, ಅಲ್ಲ ಎನ್ನುತ್ತಿದ್ದರೇ ಹೊರತು ವಾಕ್ಯ ಸರಿಯಿದೆಯಾ ಎಂದು ನೋಡಿ ಅಲ್ಲ. ಓದು ಬರಹ ಬರುವುದು ಎಷ್ಟೋ ವರ್ಷ ಮಾತಾಡಿದ ಮೇಲೆ.

ಸಂಗೀತದ ಕಿವಿಯೂ ಖಾಲಿಯಾಗಿ ಹುಟ್ಟುವುದಿಲ್ಲ. ಮಲಗಿರುವ ನವಜಾತ ಶಿಶುಗಳಿಗೆ ತಾಳ ಕೇಳಿಸಿ, ಮುಖ್ಯ ಪೆಟ್ಟನ್ನು ಬಿಟ್ಟುಬಿಟ್ಟರೆ ಮೆದುಳು ಅದನ್ನು ಗುರುತಿಸುತ್ತದೆ ಎಂದು ಇಶ್ಟ್ವಾನ್ ವಿಂಕ್ಲರ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದರು. ಇನ್ನು ಸ್ಪೀಕರ್ ವಿಷಯ. ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಹೆತ್ತವರಿಗೆ ತಪ್ಪದೆ ಹೇಳುತ್ತೇನೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಕಲಿತರು. ಅದನ್ನೇ ವಿಡಿಯೋದಲ್ಲೋ ಆಡಿಯೋದಲ್ಲೋ ಕೇಳಿದವರು ಕಲಿಯಲಿಲ್ಲ. ಇದು ಮಾತಿನ ಪ್ರಯೋಗ, ಸಂಗೀತದ್ದಲ್ಲ, ಒಪ್ಪುತ್ತೇನೆ. ಆದರೂ ಹಾಡು ಹಾಕಿಡುವುದಕ್ಕೂ ಮಗುವಿನ ಜೊತೆ ಹಾಡುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ನನಗೆ ಸಿಕ್ಕಿಲ್ಲ.

ನಾನು ಕೊಟ್ಟ ಸಲಹೆ ಅವರು ಕೇಳಿಕೊಂಡು ಬಂದದ್ದಾಗಿರಲಿಲ್ಲ. ಕ್ಲಾಸಿಗೆ ಕೆಲವು ತಿಂಗಳು ಬಿಡುವು ಕೊಡಿ, ಪರೀಕ್ಷೆಯಿಂದ ಹೆಸರು ವಾಪಸ್ ತೆಗೆದುಕೊಳ್ಳಿ ಎಂದೆ. ಕೀಬೋರ್ಡ್ ಮುಚ್ಚಿಡಬೇಡಿ, ಎಲ್ಲರ ಕೈಗೆ ಸಿಗುವ ಜಾಗದಲ್ಲಿರಲಿ. ದಿನದ ಕೆಲಸಗಳ ನಡುವೆ ನೀವಿಬ್ಬರೂ ಹಾಡಿ, ಬಟ್ಟೆ ಮಡಿಸುವಾಗ, ಸ್ನಾನ ಮಾಡಿಸುವಾಗ, ದೀಪ ಆರಿಸುವ ಮೊದಲು. ಅವಳನ್ನು ಹಾಡು ಅಂತ ಕೇಳಬೇಡಿ. ತಾನಾಗಿ ಹಾಡಿದರೆ ಜೊತೆಗೂಡಿ. ಶ್ರುತಿ ಬಿಟ್ಟರೆ ತಿದ್ದಬೇಡಿ. ಫೋನ್ ತೆಗೆದು ರೆಕಾರ್ಡ್ ಮಾಡಬೇಡಿ. ನೆಂಟರ ಮುಂದೆ ನುಡಿಸು ಅನ್ನುವುದಂತೂ ಬೇಡವೇ ಬೇಡ. ಅಪ್ಪನಿಗೆ ಇನ್ನೊಂದು ಕೆಲಸ ಜಾಸ್ತಿ ಕೊಟ್ಟೆ: ಮಗಳ ಹತ್ತಿರ ಕೀಬೋರ್ಡ್ ಹೇಳಿಸಿಕೊಳ್ಳಿ.

ಅವರ ಕ್ಲಾಸಿನ ಶಿಕ್ಷಕರಿಗೆ ಇದು ಹಿಡಿಸಲಿಲ್ಲ. ಶಿಸ್ತು ಬಿಟ್ಟರೆ ಸಂಗೀತ ಬರುತ್ತದಾ, ನಿಮಗೇನು ಗೊತ್ತು ಎಂದು ಫೋನ್ ಮಾಡಿ ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಮಾತಿನ ಹಾಗೆ ವಾದ್ಯ ತಾನಾಗಿ ಬಂದುಬಿಡುವುದಿಲ್ಲ. ಬೆರಳು ಪಳಗಬೇಕು, ಅದಕ್ಕೆ ಸಾಧನೆ ಬೇಕೇ ಬೇಕು. ಜಪಾನಿನ ಶಿನಿಚಿ ಸುಜುಕಿ (1898–1998) ನೋಡಿ. ಎಲ್ಲ ಮಕ್ಕಳೂ ತಾಯ್ನುಡಿ ಕಲಿಯುತ್ತಾರಲ್ಲ, ಹಾಗೆಯೇ ಪಿಟೀಲನ್ನೂ ಕಲಿಸಬಹುದು ಎಂದು ಹೊರಟವರು. ಅವರೂ ದಿನದ ಅಭ್ಯಾಸ ಬಿಡಿಸಲಿಲ್ಲ. ಬಂದ ಪದವನ್ನು ಮಗು ಮತ್ತೆ ಮತ್ತೆ ಬಳಸುವ ಹಾಗೆ, ಕಲಿತ ಹಳೆಯ ಪಾಠಗಳನ್ನೂ ನುಡಿಸುತ್ತಲೇ ಇರಬೇಕು ಎಂದರು. ಆದರೆ ಅವರ ಕ್ರಮದಲ್ಲಿ ಮೊದಲು ಪಾಠ ಹೇಳಿಸಿಕೊಳ್ಳುವುದು ಅಪ್ಪ ಅಥವಾ ಅಮ್ಮ. ಮಗು ನೋಡುತ್ತಿರುತ್ತದೆ, ಕೇಳುತ್ತಿರುತ್ತದೆ, ತನಗೂ ಬೇಕು ಅನ್ನುತ್ತದೆ. ಸ್ವರಲಿಪಿ ಓದುವುದು ನುಡಿಸಲು ಬಂದ ಮೇಲೆ. ನಾನು ತೆಗೆಯಲು ಹೇಳಿದ್ದು ಅಭ್ಯಾಸವನ್ನಲ್ಲ, ಮಗುವಿನ ಒಂಟಿತನವನ್ನು ಎಂದು ಆ ಶಿಕ್ಷಕರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆದರೂ ಹೊಟ್ಟೆನೋವು ಬರುವ ಮಗುವನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಎಂದು ನಾನು ಹೇಳಲಾರೆ. ಸಂಗೀತದ ಹೆಸರಲ್ಲಂತೂ ಹೇಳಲಾರೆ.

ಅಪ್ಪನಿಗೆ ಹಾಡುವುದು ತುಂಬಾ ಕಷ್ಟವಾಯಿತು. ಮೊದಮೊದಲು ಬರೀ ಗುನುಗಿದರು. ಒಂದು ದಿನ ಮಗಳು, "ಅಪ್ಪ, ಅಲ್ಲಿ ಇನ್ನೂ ಮೇಲೆ ಹೋಗ್ಬೇಕು" ಎಂದು ತಾನೇ ಹಾಡಿ ತೋರಿಸಿದಳಂತೆ. ತಾಯಿ ಅದನ್ನು ಹೇಳುವಾಗ ಅವರ ದನಿ ಕಟ್ಟಿತ್ತು. ಹೊಟ್ಟೆನೋವು ನಿಂತಿತು. ಮುಂದೆ ಮಗು ತಾನೇ ಕೇಳಿ ಬೇರೆ ಕ್ಲಾಸಿಗೆ ಸೇರಿತು. ಅಲ್ಲಿ ಅಪ್ಪನೂ ಜೊತೆಯಲ್ಲಿ ಕೂತು ಕಲಿಯಬಹುದು. ಎಲ್ಲವೂ ಸರಿಹೋಯಿತು ಅಂತಲ್ಲ. ಪರೀಕ್ಷೆ ಬಿಡಿಸಿದ್ದಕ್ಕೆ ಮನೆಯ ಹಿರಿಯರು ಇನ್ನೂ ಅಸಮಾಧಾನದಲ್ಲಿದ್ದಾರೆ. ಕೆಲವು ವಾರ ಅವಳು ಕೀಬೋರ್ಡ್ ಮುಟ್ಟುವುದೇ ಇಲ್ಲ. ಆಗ ತಾಯಿಗೆ ಹಳೆಯ ಆತಂಕ ಶುರುವಾಗುತ್ತದೆ, ನನಗೆ ಫೋನ್ ಬರುತ್ತದೆ. ಮನೆಯಲ್ಲಿ ಹಾಡು ನಡೆಯುತ್ತಿದೆಯಾ ಎಂದು ಕೇಳುತ್ತೇನೆ. ಹೌದು ಅಂದರೆ ಕಾಯೋಣ ಎನ್ನುತ್ತೇನೆ.

ಇದನ್ನು ಓದುವ ಕೆಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ನಮ್ಮ ಮಗುವಿಗೆ ಆಗಲೇ ಹತ್ತು, ಹನ್ನೆರಡು, ತಡವಾಯಿತಾ? ಅಮೆರಿಕದ ಸಂಗೀತ ಶಿಕ್ಷಣ ಸಂಶೋಧಕ ಎಡ್ವಿನ್ ಗಾರ್ಡನ್ (1927–2015) ಹೇಳಿದ್ದನ್ನು ಎಲ್ಲೋ ಓದಿ ಹೆದರಿ ಬರುವವರಿದ್ದಾರೆ. ಸಂಗೀತದ ಸಹಜ ಸಾಮರ್ಥ್ಯ ಸುಮಾರು ಒಂಬತ್ತು ವರ್ಷದ ತನಕ ಸುತ್ತಲಿನ ವಾತಾವರಣಕ್ಕೆ ತಕ್ಕಂತೆ ಏರಿಳಿಯುತ್ತದೆ, ಆಮೇಲೆ ನೆಲೆಗೊಳ್ಳುತ್ತದೆ ಎಂದು ಅವರು ಹೇಳಿದರು. ನೆಲೆಗೊಳ್ಳುತ್ತದೆ ಎಂದರು, ಕಲಿಕೆ ನಿಂತುಹೋಗುತ್ತದೆ ಎನ್ನಲಿಲ್ಲ. ಇರುವ ಸಾಮರ್ಥ್ಯದಲ್ಲಿ ಎಷ್ಟು ಕಲಿಯಬಹುದು ಎನ್ನುವುದಕ್ಕೆ ಯಾವ ವಯಸ್ಸಿನಲ್ಲೂ ಜಾಗವಿದೆ. ದೊಡ್ಡ ಮಕ್ಕಳಿಗೂ, ದೊಡ್ಡವರಿಗೂ ನಾನು ಕೊಡುವ ಕ್ರಮ ಅದೇ: ಮೊದಲು ಕೇಳಿ, ಆಮೇಲೆ ಯಾರದಾದರೂ ಜೊತೆಯಲ್ಲಿ ತಪ್ಪುತಪ್ಪಾಗಿ ಹಾಡಿ, ಓದುವುದನ್ನು ಆಮೇಲೆ ನೋಡೋಣ. ಆ ಅಪ್ಪನಿಗೆ ಈಗ ನಲವತ್ತರ ಮೇಲೆ.